ಹಳೆ ಕಟ್ಟಡ ತಪಾಸಣೆಯಲ್ಲಿ ‘ಪಾಸ್’ ಆದರೆ ಭೂಕಂಪದ ಭಯ ಇಲ್ಲವೇ?

2021–22ರಲ್ಲಿ ವಿಜಯಪುರ ಜಿಲ್ಲೆಯಲ್ಲಿ ಪದೇ ಪದೇ ಭೂಮಿ ಕಂಪಿಸಿತು. ಹಾಗಾಗಿ ನಿಡಗುಂದಿಯವರಿಗೂ ಈ ಪ್ರಶ್ನೆ ಮುಖ್ಯ.

ಹಳೆಯ ಕಾಂಕ್ರೀಟ್ ಕಟ್ಟಡಗಳ ತಪಾಸಣೆಗೆ ಐಎಸ್ 15988 ಎಂಬ ಮಾನದಂಡವಿದೆ. ಆದರೆ ಕಟ್ಟಡದ ಉಳಿದ ಆಯುಷ್ಯ ಕಡಿಮೆಯಾದಂತೆ, ಒಂದು ಮಿತಿಯವರೆಗೆ, ಕಡಿಮೆ ಕಂಪನ ಬಲಕ್ಕೆ ಪರೀಕ್ಷಿಸಲು ಅದು ಅವಕಾಶ ಕೊಡುತ್ತದೆ. ಭೂಕಂಪ ಮಾತ್ರ ಕಟ್ಟಡದ ವಯಸ್ಸು ನೋಡಿ ಬರುವುದಿಲ್ಲ! ಅಂದರೆ ‘ಪಾಸ್’ ಆದ ಹಳೆ ಕಟ್ಟಡ ಹೊಸದರಷ್ಟೇ ಗಟ್ಟಿ ಎಂದರ್ಥವಲ್ಲ.

ಕಲ್ಲು-ಮಣ್ಣಿನ ಮನೆಗಳಂತೂ ಈ ಮಾನದಂಡದ ವ್ಯಾಪ್ತಿಗೇ ಬರುವುದಿಲ್ಲ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಕುಸಿದು ಸಾವಿರಾರು ಜೀವ ತೆಗೆದದ್ದು ಇಂಥ ಮನೆಗಳೇ. ಆಗಿನ ನಕ್ಷೆಯಲ್ಲಿ ಆ ಊರು ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು.

‘ನಮ್ಮ ಕಟ್ಟಡ ಸೇಫ್’ ಎಂಬ ಮೆಸೇಜ್ ಫಾರ್ವರ್ಡ್ ಮಾಡುವ ಮುನ್ನ ಕೇಳಿ: ಎಂಥ ಕಟ್ಟಡ? ಎಷ್ಟು ಬಲಕ್ಕೆ ಪರೀಕ್ಷಿಸಿದ್ದು?