ಒಂದು ಮಾತಿಗೇ ತೀರ್ಪು

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ನಮ್ಮ ಮನೆಗಳಲ್ಲಿ ಯುವಕನೊಬ್ಬನು ತನ್ನ ಅನ್ನಕ್ಕೆ ನೆರೆಯವರು ವಿಷ ಬೆರೆಸಿದ್ದಾರೆ ಎನ್ನತೊಡಗಿದರೆ, ನಾವು ಮೊದಲು ಹುಡುಕುವುದು ವೈದ್ಯರನ್ನಲ್ಲ, ತಾಯತ ಕಟ್ಟುವವರನ್ನು.

ಭ್ರಮೆಗೊಳಗಾದವನು ತರ್ಕವನ್ನೇ ತೊರೆದವನಲ್ಲ. ಬಣ್ಣದ ಮಣಿಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ ಎರಡು ಜಾಡಿಗಳನ್ನಿಟ್ಟು, ಒಂದೊಂದೇ ಮಣಿ ತೋರಿಸಿ, ಇವು ಯಾವ ಜಾಡಿಯವೆಂದು ಬ್ರಿಟನ್ನಿನ ಸಂಶೋಧಕರು ಕೇಳಿದರು. ಭ್ರಮೆಯುಳ್ಳವರು ಇತರರಿಗಿಂತ ಕಡಿಮೆ ಮಣಿ ನೋಡಿಯೇ ನಿರ್ಧರಿಸಿಬಿಟ್ಟರೆಂದು 1988ರಲ್ಲಿ ಪ್ರಕಟವಾಯಿತು. ಎಲ್ಲ ರೋಗಿಗಳೂ ಹೀಗಲ್ಲ, ನಿಜ. ಆದರೆ ನಾವು? ಬ್ಯಾಡಗಿ ಪೇಟೆಯಲ್ಲಿ ಒಂದೇ ಮೆಣಸಿನಕಾಯಿ ನೋಡಿ ಚೀಲಕ್ಕೆ ದರ ಕಟ್ಟದ ನಾವು, ಮನೆಯಲ್ಲಿ ಮಗನ ಒಂದು ಮಾತಿಗೇ ಜಿನ್ನ್ ಬಾಧೆಯೆಂದು ತೀರ್ಪು ಕೊಡುತ್ತೇವೆ! ಅವನ ಅವಸರಕ್ಕೆ ರೋಗ ಕಾರಣ, ನಮ್ಮದಕ್ಕೆ?

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ದರ್ಗಾದ ಊರಿನಲ್ಲಿ, ಮನೋರೋಗಿಗಳನ್ನು ಸರಪಳಿಯಲ್ಲಿ ಬಿಗಿದಿಟ್ಟಿದ್ದ ಖಾಸಗಿ ಆಶ್ರಯಾಲಯಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಸರಪಳಿಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿತು.

ದುಆ ಬೇಡವೆಂದು ನಾವು ಹೇಳುತ್ತಿಲ್ಲ. ಚಿಕಿತ್ಸೆ ಪಡೆಯಬೇಕೆಂದು ಬೋಧಿಸಿದವರೂ ಪ್ರವಾದಿವರ್ಯರೇ(ಸ). ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಮಗೆ ದೂರವೇನಲ್ಲ. ಇದನ್ನು ಜುಮಾ ಖುತ್ಬಾದಲ್ಲಿ ಹೇಳಲು ನಮ್ಮ ಇಮಾಮರು ಯಾರ ಅಪ್ಪಣೆಗೆ ಕಾದಿದ್ದಾರೆ?