ನೆಲದ ಸದ್ದು ಕೇಳುವ ಯಂತ್ರಕ್ಕೆ ತೋಟದಲ್ಲಿ ಜಾಗ

2022ರ ಜೂನ್ ಕೊನೆಯಲ್ಲಿ ಸುಳ್ಯ ತಾಲೂಕಿನ ಸಂಪಾಜೆ, ಕೊಡಗಿನ ಚೆಂಬು, ಕರಿಕೆಗಳ ಆಸುಪಾಸಿನಲ್ಲಿ ನೆಲ ಮತ್ತೆ ಮತ್ತೆ ನಡುಗಿದ್ದು ಬೆಳೆಗಾರ ಬಾಂಧವರಿಗೆ ನೆನಪಿರಬಹುದು. ದೊಡ್ಡದೆನಿಸಿದ ನಡುಕವೂ ರಿಕ್ಟರ್ ಮಾಪನದಲ್ಲಿ ಸುಮಾರು 3ರಷ್ಟೇ. ಆದರೂ ಗುಡುಗಿನಂಥ ಸದ್ದು, ಅದಕ್ಕಿಂತ ಹೆಚ್ಚಾಗಿ ಊರಿಂದೂರಿಗೆ ಹಬ್ಬಿದ ಗಾಳಿಸುದ್ದಿ, ಜನರ ನಿದ್ದೆಗೆಡಿಸಿದವು. ನೆಲ ನಡುಗಿದ ಮೇಲೆ ಯಂತ್ರದ ಮಾತೆತ್ತುವುದು ರೂಢಿ. ನಡುಗದೆ ಇರುವಾಗಲೂ ಯಂತ್ರವಿರಬೇಕೆಂಬುದು ನಮ್ಮ ವಾದ.

ಭೂಗರ್ಭವನ್ನು ಅರಿಯಲು ಎರಡು ದಾರಿಗಳುಂಟು. ಮದ್ದು ಸಿಡಿಸಿ, ಕೆಳಗಿನಿಂದ ಹಿಂದಿರುಗುವ ಕಂಪನವನ್ನು ಅಳೆಯುವುದು ಒಂದು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ ಹೀಗೆಯೇ ಶೋಧಿಸಿದರು. ಇನ್ನೊಂದು, ಸುಮ್ಮನೆ ಕಿವಿಗೊಡುವುದು. ಸುಮಾತ್ರದಲ್ಲೋ ಜಪಾನಿನಲ್ಲೋ ಭೂಕಂಪವಾದರೆ ಅದರ ಅಲೆಗಳು ಭೂಮಿಯೊಳಗಿಂದ ಬಂದು ನಮ್ಮ ತೋಟದಡಿಯ ಶಿಲಾಪದರಗಳನ್ನು ಹಾಯುತ್ತವೆ. ಪದರ ಬದಲಾಗುವೆಡೆಯಲ್ಲಿ ವೇಗದ ಅಲೆಯ ಒಂದು ಪಾಲು ನಿಧಾನದ ಅಲೆಯಾಗಿ ಮಾರ್ಪಟ್ಟು ಕೆಲವು ಸೆಕೆಂಡು ತಡವಾಗಿ ಮೇಲೆ ಬರುತ್ತದೆ. ಆ ತಡವನ್ನು ಲೆಕ್ಕ ಹಾಕಿದರೆ ಪದರದ ಆಳ ತಿಳಿಯುತ್ತದೆ. ಪಶ್ಚಿಮ ಕರ್ನಾಟಕದಡಿ ಭೂಕವಚ 40ರಿಂದ 50 ಕಿಲೋಮೀಟರ್ ದಪ್ಪ, ಪೂರ್ವದಲ್ಲಿ 35ರ ಆಸುಪಾಸು ಎಂಬುದು ಹೀಗೆ ಕಂಡ ಸಂಗತಿ. ಈ ಎರಡು ಪುರಾತನ ಭೂಭಾಗಗಳು ಬೆಸೆದ ಗಡಿ ಚಿತ್ರದುರ್ಗದ ಕಡೆ ಹಾಯುತ್ತದೆಂದು ವಿಜ್ಞಾನಿಗಳು ಹೇಳುತ್ತಾರೆ.

ಭೂಕಂಪಕ್ಕೆ ಕಾಯಲೂ ಬೇಕಿಲ್ಲ. ಸಮುದ್ರದ ತೆರೆಗಳ ಬಡಿತವೇ ನೆಲವನ್ನು ಸದಾ ಸೂಕ್ಷ್ಮವಾಗಿ ಅಲುಗಿಸುತ್ತಿರುತ್ತದೆ. ಎರಡು ಯಂತ್ರಗಳು ತಿಂಗಳುಗಟ್ಟಲೆ ದಾಖಲಿಸಿದ ಈ ಗುಜುಗುಜನ್ನು ಹೋಲಿಸಿ ನಡುವಿನ ನೆಲದ ಗುಣವನ್ನು ಹೇಳಬಲ್ಲರು. ಕಡಲು ಕೆರಳುವ ಮಳೆಗಾಲ ನಮಗೆ ಕೊಳೆರೋಗ ತಂದರೆ ಅವರಿಗೆ ಮಾಹಿತಿ ತರುತ್ತದೆ!

ಇದರಿಂದ ಭೂಕಂಪದ ದಿನ ಮುಂಚಿತವಾಗಿ ತಿಳಿಯದು. ತಿಳಿಯುತ್ತದೆ ಎನ್ನುವವರನ್ನು ನಂಬತಕ್ಕದ್ದಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದದ್ದು ಮಳೆಯ, ಮೇಲ್ಮಣ್ಣಿನ ವಿಷಯ, ಅದು ಬೇರೆ. ಆದರೆ ಗಟ್ಟಿ ನೆಲವೆಂಬ ನಂಬಿಕೆ 1967ರಲ್ಲಿ ಕೊಯ್ನಾದಲ್ಲಿ ಅಲುಗಾಡಿತು. 1993ರಲ್ಲಿ ಕಿಲ್ಲಾರಿಯಲ್ಲಿ ಸಾವಿರಾರು ಜನ ಸತ್ತರು. ಅಲ್ಲಿ ನೆಲದಡಿ ಅಂಥ ಬಿರುಕಿದೆಯೆಂದು ಮೊದಲು ತಿಳಿದಿರಲಿಲ್ಲ. ಹತ್ತಿರ ಹತ್ತಿರ ಯಂತ್ರಗಳಿದ್ದರೆ ಸಣ್ಣ ನಡುಕಗಳ ಜಾಗವನ್ನೂ ಖಚಿತವಾಗಿ ಗುರುತಿಸಬಹುದು. ಅವು ಒಂದೇ ಸಾಲಿನಲ್ಲಿ ಬಿದ್ದರೆ ಹುದುಗಿದ ಬಿರುಕಿನ ಸುಳಿವು ಸಿಕ್ಕಂತೆ. ಮನೆ, ಗೋದಾಮು, ಅಣೆಕಟ್ಟು ಕಟ್ಟುವವರಿಗೆ ಇದು ಬೇಡವೇ?

ಯಂತ್ರಕ್ಕೆ ಬೇಕಾದ್ದು ಬಂಡೆ ಸಿಗುವ, ಸದ್ದಿಲ್ಲದ ಕೆಲವು ಅಡಿ ಜಾಗ. ಪಲ್ಪರ್, ಪಂಪ್‌ಸೆಟ್, ಲಾರಿ ರಸ್ತೆ ದೂರವಿರಬೇಕು. ಸಿಲ್ವರ್ ಓಕ್ ಬುಡವೂ ಆಗದು. ಗಾಳಿಗೆ ಮರ ತೂಗಿದರೆ ನೆಲವೂ ಅಲುಗುತ್ತದೆ. ಸೌರಫಲಕಕ್ಕೆ ಬಿಸಿಲು ಬೀಳಬೇಕು. ತಲೆಮಾರುಗಳಿಂದ ಮಳೆಮಾಪಕದ ಲೆಕ್ಕ ಬರೆದಿಡುವ ನಮಗೆ ಯಂತ್ರ ಕಾಯುವುದು ಹೊಸತಲ್ಲ. ಜಾಗ ಕೊಡಬಲ್ಲ ಸದಸ್ಯರ ಪಟ್ಟಿ ಮಾಡಿ ಸಂಘವು ಸರಕಾರಕ್ಕೆ ಬರೆಯಲಿ. ಷರತ್ತು ಒಂದೇ: ಕಂಡದ್ದನ್ನು ಇಂಗ್ಲಿಷ್ ಪ್ರಬಂಧಗಳಲ್ಲಿ ಮಾತ್ರ ಅಚ್ಚು ಹಾಕಿಸದೆ, ಕನ್ನಡದಲ್ಲಿ ಬರೆದು ಪಂಚಾಯಿತಿಗೂ ಸಂಘಕ್ಕೂ ಕಳಿಸತಕ್ಕದ್ದು.