ಹೆಸರ ತೋರಸ್ತೈತಿ, ಹಾಳಿ ಬರವಲ್ತು

ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ, ಲಿನಕ್ಸ್ ಮೇಲೆ ಓಡುವ ‘ಕಿಯೋ’ ಕಂಪ್ಯೂಟರ್ ಸೋತರೆ ಲಿನಕ್ಸ್‌ನಿಂದ ಸೋಲುವುದಿಲ್ಲ, ಪ್ರಿಂಟರ್‌ನಿಂದ ಸೋಲುತ್ತದೆ. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಶೃಂಗದಲ್ಲಿ ಬಿಡುಗಡೆಯಾದಾಗಿನಿಂದ ಎಲ್ಲರ ಬಾಯಲ್ಲೂ ಅದರ 18,999 ರೂಪಾಯಿ ಬೆಲೆಯದೇ ಮಾತು. ಅಗ್ಗವೋ ತುಟ್ಟಿಯೋ, ಮಕ್ಕಳಿಗೆ ಸಾಕೋ ಸಾಲದೋ ಎಂಬ ಚರ್ಚೆಗೆ ಕೊನೆಯಿಲ್ಲ. ಅದರ ಬೆನ್ನಿಗೆ ಏನೇನು ಚುಚ್ಚಬೇಕಾಗುತ್ತದೆ ಎಂದು ಕೇಳಿದವರು ನನಗೆ ಸಿಕ್ಕಿಲ್ಲ.

ಬೆಳಗಾವಿ ಶಹಾಪುರದ ಖಡೇಬಜಾರ್ ಕಡೆ ಲಗ್ನಪತ್ರಿಕೆ ಮಾಡಿಕೊಡುವ ಒಂದು ಝೆರಾಕ್ಸ್ ಅಂಗಡಿಯಲ್ಲಿ ನನಗೆ ಆ ಪ್ರಶ್ನೆ ಎದುರಾಯಿತು. ಗಿರಾಕಿಗಳಿಗೆ ಕನ್ನಡವೂ ಬೇಕು, ಮರಾಠಿಯೂ ಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮಾಲೀಕನ ಕಂಪ್ಯೂಟರ್ ಇಂಟೆಲ್‌ನ ಏಳನೇ ತಲೆಮಾರಿನದು. ವಿಂಡೋಸ್ 11 ಸಾಮಾನ್ಯವಾಗಿ ಎಂಟರಿಂದ ಮೇಲಿನದನ್ನೇ ಒಪ್ಪುತ್ತದೆ. ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಆತ ಲಿನಕ್ಸ್ ಮಿಂಟ್ ಹಾಕಿಸಿದ. ಮೊದಲು ಕೈಕೊಟ್ಟದ್ದು ವೈಫೈ ಡಾಂಗಲ್. ಇಂಟರ್ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು. ಮೊಬೈಲಿಗೆ ಕೇಬಲ್ ಚುಚ್ಚಿ, ಟೆದರಿಂಗ್ ಹಚ್ಚಿ ನಾನೂ ಆತನೂ ಹೇಗೋ ದಾಟಿದೆವು. ಪ್ರಿಂಟರ್ ಮಾತ್ರ ಮಣಿಯಲಿಲ್ಲ. ಹಸಿರು ದೀಪ ಎರಡು ಸಲ ಮಿನುಗಿ ಸುಮ್ಮನಾಯಿತು. “ಸರ, ಹೆಸರ ತೋರಸ್ತೈತಿ, ಹಾಳಿ ಮಾತ್ರ ಹೊರಗ ಬರವಲ್ತು” ಎಂದ. ಸಂಜೆಯೊಳಗೆ ಪ್ರೂಫ್ ಕೊಡಬೇಕಿತ್ತು. ಅಂದು ರಾತ್ರಿಯೇ ವಿಂಡೋಸ್ ವಾಪಸ್ ಬಂತು.

ಇದಕ್ಕೆ ಲಿನಕ್ಸನ್ನು ಬೈದು ಪ್ರಯೋಜನವಿಲ್ಲ. ಹಳೆಯ ಅಗ್ಗದ ಲೇಸರ್ ಪ್ರಿಂಟರ್‌ಗಳಲ್ಲಿ ಅನೇಕವಕ್ಕೆ ಸ್ವಂತ ಬುದ್ಧಿ ಕಡಿಮೆ. ಪುಟವನ್ನು ಚುಕ್ಕೆಗಳಾಗಿ ಒಡೆಯುವ ಕೆಲಸವನ್ನೆಲ್ಲ ಕಂಪ್ಯೂಟರಿನೊಳಗಿನ ಡ್ರೈವರೇ ಮಾಡಬೇಕು, ಆ ಡ್ರೈವರಿನ ಒಳಗುಟ್ಟು ಕಂಪನಿಯ ಹತ್ತಿರವೇ ಇರುತ್ತದೆ. ಕಿಯೋ ವಿಷಯದಲ್ಲಿ ಇನ್ನೊಂದು ಗಂಟು ಸೇರಿಕೊಂಡಿದೆ. ಅದರ ಪ್ರೊಸೆಸರ್ ಇಂಟೆಲ್ ಜಾತಿಯದಲ್ಲ, ರಿಸ್ಕ್-ಫೈವ್. ಇಂಟೆಲ್‌ಗೆಂದೇ ಕಟ್ಟಿಕೊಟ್ಟ ಮುಚ್ಚಿದ ಡ್ರೈವರ್, ಲಿನಕ್ಸ್‌ನದೇ ಆಗಿದ್ದರೂ, ಅದರ ಮೇಲೆ ನೇರವಾಗಿ ಓಡದು. ಇಂಟೆಲ್‌ಗಾಗಿ ಮಾಡಿದ ಡ್ರೈವರ್ ಹುಡುಕಿ ನೋಡುವ, ಶಹಾಪುರದವನಿಗಿದ್ದ ಅರ್ಧ ದಾರಿಯೂ ಕಿಯೋ ಕೊಂಡ ಶಾಲೆಗಿಲ್ಲ.

ಲಿನಕ್ಸ್ ವಿರೋಧಿಗಳು ತಕ್ಷಣ ಜರ್ಮನಿಯ ಮ್ಯೂನಿಕ್ ಎನ್ನುತ್ತಾರೆ. 2003ರಲ್ಲಿ ಲಿನಕ್ಸ್ ಹಿಡಿದು 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿದ ಆ ನಗರದ ಕಥೆ ಕೇಳಿ ಸಾಕಾಗಿದೆ. ಅಷ್ಟು ದೂರ ಯಾಕೆ? ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ, ಅವರ ಐಸಿಟಿ ಪುಸ್ತಕವೂ ಕನ್ನಡದಲ್ಲಿದೆ. 2019ರಲ್ಲಿ ಕೇರಳದ ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವ ಕೈಟ್ ಸಂಸ್ಥೆ 2 ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳ ಲೆಕ್ಕ ಹಾಕಿ, ಲಿನಕ್ಸ್‌ನಿಂದ 3,000 ಕೋಟಿ ರೂಪಾಯಿ ಉಳಿಯಿತೆಂದು ಹೇಳಿತು. ನಮ್ಮ ಲಿನಕ್ಸ್ ಭಕ್ತರಿಗೆ ಅದೇ ಜಪ. ಭಾಗಿಸಿ ನೋಡಿ: ಕಂಪ್ಯೂಟರ್ ಒಂದಕ್ಕೆ ಒಂದೂವರೆ ಲಕ್ಷ! ಹೈಸ್ಕೂಲಿಗೆ ಅಷ್ಟು ದುಡ್ಡಿನ ತಂತ್ರಾಂಶ ಯಾರು ಕೊಳ್ಳಲು ಹೊರಟಿದ್ದರು? ಕೊಳ್ಳದ ಸಾಮಾನನ್ನು ಉಳಿತಾಯಕ್ಕೆ ಬರೆದುಕೊಂಡ ಲೆಕ್ಕವದು.

ನೋಡಬೇಕಾದ ಅಂಕಿ ಬೇರೆ, ಅದು 5. ಹೈಟೆಕ್ ಶಾಲಾ ಯೋಜನೆಗೆ ಕೈಟ್ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಂಡದ್ದು 5 ವರ್ಷದ ವಾರಂಟಿ ಬರೆಸಿಕೊಂಡು. ತಂತ್ರಾಂಶವನ್ನು ಸಂಸ್ಥೆಯೇ ಒಂದೇ ಮಾದರಿಯಲ್ಲಿ ಸಿದ್ಧಪಡಿಸಿ ಕೊಟ್ಟಿತು, ಶಾಲೆಯಲ್ಲೊಬ್ಬ ಐಟಿ ಸಂಯೋಜಕ ಶಿಕ್ಷಕರನ್ನೂ ಇಟ್ಟಿತು. ಯಂತ್ರ ಮೊಂಡು ಹಿಡಿದರೆ ಅಲ್ಲಿನ ಮೇಷ್ಟ್ರು ಯೂಟ್ಯೂಬ್ ಹುಡುಕುತ್ತ ಕೂರಬೇಕಿಲ್ಲ, ದೂರು ಕೊಡಬೇಕು. ಶಹಾಪುರದ ಅಂಗಡಿಯವನಿಗೆ ದೂರು ಕೊಡಲು ಯಾರಿದ್ದರು? ನಾನೊಬ್ಬ, ಮೊಬೈಲ್ ಕೇಬಲ್ ಹಿಡಿದು ನಿಂತಿದ್ದೆ. ಕೇರಳ ಗೆದ್ದದ್ದು ಈ ಕರಾರಿನ ಕಾಗದದಿಂದ. ಲಿನಕ್ಸ್ ಆಗಲೂ ಇತ್ತು, ಈಗಲೂ ಇದೆ, ಎಲ್ಲರಿಗೂ ಪುಕ್ಕಟೆ.

ಕಿಯೋನಿಕ್ಸ್ ತಾನು ಪರೀಕ್ಷಿಸಿದ ಪ್ರಿಂಟರ್, ಸ್ಕ್ಯಾನರ್, ಡಾಂಗಲ್‌ಗಳ ಪಟ್ಟಿಯನ್ನು ಮಾದರಿ ಸಂಖ್ಯೆ ಸಮೇತ ಪೆಟ್ಟಿಗೆಯೊಳಗೇ ಇಡಲಿ. ಶಿಕ್ಷಣ ಇಲಾಖೆ ತನ್ನ ಟೆಂಡರ್‌ಗಳಲ್ಲಿ ‘ಬೇರೆ ಡ್ರೈವರ್ ಹಾಕದೆ ಐಪಿಪಿ (ಇಂಟರ್ನೆಟ್ ಪ್ರಿಂಟಿಂಗ್ ಪ್ರೊಟೊಕಾಲ್) ಮೂಲಕ ಮುದ್ರಿಸಬೇಕು’ ಎಂಬ ಒಂದು ಸಾಲು ಸೇರಿಸಲಿ. ಏರ್‌ಪ್ರಿಂಟ್ ಎಂದು ಬರೆದ ಅಂಥ ಪ್ರಿಂಟರ್‌ಗಳು ಮಾರುಕಟ್ಟೆಯಲ್ಲೇ ಇವೆ. ಹಳೆ ಕಂಪ್ಯೂಟರಿಗೆ ಲಿನಕ್ಸ್ ಹಾಕಲು ಹೊರಟವರು ಮೊದಲು ಪೆನ್‌ಡ್ರೈವ್‌ನಿಂದಲೇ ಅದನ್ನು ಓಡಿಸಿ, ನಿಮ್ಮದೇ ಪ್ರಿಂಟರ್‌ನಲ್ಲಿ ಒಂದು ಹಾಳೆ ತೆಗೆದು ನೋಡಿ. ಬಂದರೆ ಇನ್‌ಸ್ಟಾಲ್ ಒತ್ತಿ.